ಪಟ್ಟಣಕ್ಕ ಹೋಗೂ ಮುಂಚೆ ಎರಡೂ ಕಡೆಯ ಲೆಕ್ಕ
(ನಮ್ಮ ತರುಣ ಮಂಡಳದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)





ಮಂಡಳದ ಹುಡುಗರು ನನ್ನನ್ನು ಕರೆಯಲಿಕ್ಕೆ ಬಂದಾಗ ವಿಷಯ ತಾವೇ ಕೊಟ್ಟರು. "ಕಾಕಾ, ಪುಣೆಗೆ ಹೋಗೂದು ಛಲೋನೋ, ಸುಳಕೂಡದಾಗ ಇದ್ದು ದುಡಿಯೂದು ಛಲೋನೋ? ಅದನ್ನಷ್ಟ ಹೇಳ್ರಿ" ಅಂದರು. ಈ ಪ್ರಶ್ನೆ ಇವತ್ತು ನಮ್ಮ ಓಣಿಯ ಪ್ರತಿಯೊಂದು ಮನೆಯೊಳಗೂ ಐತಿ. ಹತ್ತನೇತ್ತಾ, ಹನ್ನೆರಡನೇತ್ತಾ ಮುಗಿದ ಕೂಡಲೇ ಹುಡುಗ ಪುಣೆ ಅಂತಾನ, ಅವ್ವ ಇಚಲಕರಂಜಿ ಅಂತಾಳ, ಅಪ್ಪ ಸುಮ್ಮನ ಕೂತಿರತಾನ. ಹೋಗ್ರಿ ಅಂತ ಎಲ್ಲರಿಗೂ ಒಂದೇ ಮಾತು ಹೇಳೂದು ಸುಲಭ, ಬ್ಯಾಡ ಅನ್ನೂದೂ ಸುಲಭ. ನಾನು ಎರಡನ್ನೂ ಹೇಳೂದಿಲ್ಲ. ಲೆಕ್ಕ ಹೆಂಗ ಮಾಡಬೇಕು ಅನ್ನೂದನ್ನ ಹೇಳತೇನಿ.

ಮೊದಲು ಊರಿನ ಲೆಕ್ಕ. ಊರಾಗ ಇದ್ದರ ಖರ್ಚಿಲ್ಲ ಅಂತ ನಾವು ತಿಳಿದಿರತೇವಿ. ಅದು ತಪ್ಪು. ಊರಿಗೂ ಒಂದು ಬೆಲೆ ಐತಿ, ಅದನ್ನ ನಾವು ವಹಿಯಾಗ ಬರಿಯೂದಿಲ್ಲ, ಅಷ್ಟ. ಬಾಬಾಸಾಹೇಬರು 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಕರಡು ಸಂವಿಧಾನ ಮಂಡಿಸುವಾಗ, ಹಳ್ಳಿಯನ್ನು ದೊಡ್ಡದು ಮಾಡಿ ಹೊಗಳುವವರಿಗೆ ನೇರವಾಗಿ ಉತ್ತರ ಕೊಟ್ಟರು. ಹಳ್ಳಿ ಅಂದರೆ ಸಣ್ಣ ಮನಸ್ಸು, ಅಜ್ಞಾನ, ಜಾತಿಯ ಗುಂಪುಗಾರಿಕೆ ತುಂಬಿದ ಜಾಗ ಅನ್ನುವುದು ಅವರ ಅಭಿಪ್ರಾಯವಾಗಿತ್ತು. ನೆರೆಹೊರೆಯವರೂ ಇಲ್ಲಿ ಕೂತೀರಿ, ಸಿಟ್ಟಾಗಬ್ಯಾಡ್ರಿ. ನಮ್ಮ ಹುಡುಗ ಊರು ಬಿಡೂದಕ್ಕ ಪಗಾರ ಒಂದೇ ಕಾರಣ ಅಲ್ಲ. ತಾನು ಯಾರ ಮಗ, ಯಾವ ಓಣಿಯವ ಅಂತ ಯಾರೂ ಕೇಳದ ರಸ್ತೆಯ ಮ್ಯಾಲ ಒಂದು ದಿನ ನಡಿಯಬೇಕು ಅನ್ನೂ ಆಸೆ ಅವಗಿರತೈತಿ. ಆ ಕಾರಣ ಕಡಿಮಿ ಮಾಡೂದು ನಿಮ್ಮ ಕೈಯಾಗೂ ಐತಿ.

ಈಗ ರೊಕ್ಕದ ಲೆಕ್ಕ. ಒಂದು ಉದಾಹರಣೆ ಹಿಡಿಯೋಣ. ಅಂಕಿ ನಿಮ್ಮ ನಿಮ್ಮದು ಹಾಕಿಕೊಳ್ರಿ, ರೀತಿ ಇದೇ ಇರಲಿ.

ಪುಣೆಯಾಗ ಹುಡುಗನ ಪಗಾರ 18,000 ಅಂತ ಇಟ್ಟುಕೊಳ್ರಿ. ಮೂವರು ಕೂಡಿ ಹಿಡಿದ ಖೋಲಿಯ ಭಾಡೆಯೊಳಗ ಅವನ ಪಾಲು 4,000. ಮೆಸ್ಸು, ಚಹಾ, ನಾಷ್ಟಾ 5,000. ಕೆಲಸಕ್ಕ ಹೋಗಿಬರೂದು 1,200. ಮೊಬೈಲು, ಸಾಬಾಣ, ಗುಳಿಗಿ 1,000. ಜಾತ್ರಿಗೆ, ಲಗ್ನಕ್ಕ ಊರಿಗೆ ಬಂದುಹೋಗೂ ಖರ್ಚು ತಿಂಗಳಿಗೆ ಹಂಚಿದರ 800. ಒಟ್ಟು 12,000. ಉಳಿದದ್ದು 6,000.

ಇಲ್ಲೇ ಕಾಗಲ-ಹಾತಕಣಂಗಲೆ ಪಂಚತಾರಾ ಎಂಐಡಿಸಿಯಾಗೋ, ಗೋಕುಳ ಶಿರಗಾಂವದ ಫೌಂಡ್ರಿಯಾಗೋ, ಇಚಲಕರಂಜಿಯ ಮಾಗದ ಮ್ಯಾಲೋ 12,000 ಸಿಗತೈತಿ ಅಂತ ಹಿಡೀರಿ. ಮನಿಗೆ ಊಟದ ಪಾಲು 3,000, ಗಾಡಿಯ ಪೆಟ್ರೋಲು 2,000, ಉಳಿದ ಕೈಖರ್ಚು 1,000. ಒಟ್ಟು 6,000. ಉಳಿದದ್ದು 6,000.

ನೋಡ್ರಿ, ಪಗಾರದಾಗ 6,000 ಫರಕು, ಉಳಿತಾಯದಾಗ ಫರಕು ಇಲ್ಲ. ಅದರ ಮ್ಯಾಲ ಪುಣೆಗೆ ಹೋದವ ಮೊದಲು ಡಿಪಾಜಿಟ್ ಕಟ್ಟಬೇಕು, ಏಜೆಂಟನ ದಲಾಲಿ ಕೊಡಬೇಕು, ಗಾದಿ-ಬಕೀಟು ತರಬೇಕು. 12,000 ಭಾಡೆಯ ಖೋಲಿಗೆ ಮೂರು ತಿಂಗಳ ಡಿಪಾಜಿಟ್ ಅಂದರ 36,000. ಮೂವರಿಗೆ ಹಂಚಿದರ ತಲೆಗೆ 12,000. ಎರಡು ತಿಂಗಳ ಉಳಿತಾಯ ಬಾಗಿಲದಾಗ ಹೋಯಿತು.

ಹಂಗಾದರ ಹೋಗೂದೇ ಬ್ಯಾಡೇನು? ಅಲ್ಲ. ಮುಂದಿನ ಪ್ರಶ್ನೆ ಕೇಳ್ರಿ: ಐದು ವರ್ಷದ ಮ್ಯಾಲ ಏನು? ಅಲ್ಲಿಯ ಕೆಲಸದಾಗ ಕೈಗೆ ಒಂದು ವಿದ್ಯೆ ಹತ್ತತೈತಿ, ಸಿಎನ್‌ಸಿ ಮಷೀನು, ವೆಲ್ಡಿಂಗು, ನರ್ಸಿಂಗು, ಲೆಕ್ಕಪತ್ರ, ಕಂಪ್ಯೂಟರು, ಯಾವುದೇ ಇರಲಿ, ಪಗಾರ ಏರತೈತಿ ಅಂದರ ಹೋಗ್ರಿ. ಇವತ್ತಿನ 6,000 ನಾಳೆ 15,000 ಆಗತೈತಿ. ಆದರ ಮೊದಲ ದಿನ ಮಾಡಿದ ಕೆಲಸವನ್ನೇ ಐದನೇ ವರ್ಷವೂ ಮಾಡೂದಿದ್ದರ, ಪೆಟ್ಟಿಗೆ ಎತ್ತೂದು, ಗೇಟು ಕಾಯೂದು ಅಷ್ಟ ಇದ್ದರ, ಪಟ್ಟಣ ಒಂದು ಕೈಯಿಂದ ಕೊಟ್ಟದ್ದನ್ನ ಇನ್ನೊಂದು ಕೈಯಿಂದ ಕಸಗೋತೈತಿ.

ಮುಂಬೈಯ ಕಥೆ ನಮ್ಮ ಹಿರಿಯರಿಗೆ ಗೊತ್ತು. ನಮ್ಮ ಕೊಲ್ಲಾಪುರ, ಸಾತಾರಾ, ಕೊಂಕಣದ ಎಷ್ಟೋ ಮನೆತನ ಗಿರಣಿಯ ಪಗಾರದ ಮೇಲೆ ನಡೆದವು. 1982ರ ಜನವರಿ 18ರಂದು ಗಿರಣಿ ಮುಷ್ಕರ ಶುರುವಾಯಿತು, ಸುಮಾರು ಎರಡೂವರೆ ಲಕ್ಷ ಕೆಲಸಗಾರರು ಹೊರಗೆ ಬಂದರು. ಬಹಳ ಮಂದಿ ಮರಳಿ ಒಳಗೆ ಹೋಗಲೇ ಇಲ್ಲ. ಒಂದೇ ಪಗಾರ ನಂಬಿ ಊರಿನ ಎಲ್ಲ ದಾರಿ ಮುಚ್ಚಿಕೊಂಡು ಹೋದವರಿಗೆ ದೊಡ್ಡ ಪೆಟ್ಟು ಬಿತ್ತು. ಇನ್ನೊಂದು ಮಾತು. ಅದೇ ಗಿರಣಿಗಳಲ್ಲಿ, ಹೆಚ್ಚು ಪಗಾರದ ನೇಯ್ಗೆ ಖಾತೆಯೊಳಗೆ ನಮ್ಮವರನ್ನು ಬಿಡುತ್ತಿರಲಿಲ್ಲ. ಲಾಳಿಯ ನೂಲನ್ನು ಬಾಯಿಂದ ಎಳೆಯಬೇಕಾಗುತ್ತದೆ, ಮೈಲಿಗೆ ಆಗುತ್ತದೆ ಅನ್ನುವುದು ಕಾರಣ. 1928ರ ಮುಷ್ಕರದ ಹೊತ್ತಿನಲ್ಲಿ ಬಾಬಾಸಾಹೇಬರು ಈ ಪ್ರಶ್ನೆ ಎತ್ತಿದರು. ಪಟ್ಟಣಕ್ಕೆ ಹೋದ ಕೂಡಲೇ ಜಾತಿ ಎಸ್.ಟಿ. ಸ್ಟ್ಯಾಂಡಿನಾಗ ಇಳಿದು ಹೋಗತೈತಿ ಅಂತ ತಿಳಿಯಬ್ಯಾಡ್ರಿ.

ಇವತ್ತು ಅದು ಎಲ್ಲಿ ಕೂತಿರತೈತಿ? ಖೋಲಿಯ ಬಾಗಿಲದಾಗ. ನಾನು ಒಂಬತ್ತು ವರ್ಷ ಪಿಂಪರಿ-ಚಿಂಚವಾಡದ ಕಡೆ ದುಡದೇನಿ. ಒಂದು ಖೋಲಿ ನೋಡಲಿಕ್ಕೆ ಹೋದಾಗ ಮಾಲಕರು ಪಗಾರ ಎಷ್ಟು ಅಂತ ಕೇಳಲಿಲ್ಲ. ಮೊದಲು ಅಡ್ಡಹೆಸರು ಕೇಳಿದರು, ಆಮೇಲೆ ಊರು ಕೇಳಿದರು, ಆಮೇಲೆ "ಊರಾಗ ಮನಿ ಯಾವ ಕಡೆ" ಅಂದರು. ಮರುದಿನ ಫೋನ್ ಮಾಡಿದರ ಖೋಲಿ ಹೋಗಿತ್ತು. ಮುಂದ ಒಂದು ತಿಂಗಳು ಅದರ ಮ್ಯಾಲ ಫಲಕ ತೂಗತಾನ ಇತ್ತು. ಇದು ನನ್ನೊಬ್ಬನ ಅನುಭವ ಅಲ್ಲ. ಸುಖದೇವ ಥೋರಾತ್ ಮತ್ತು ಅವರ ಸಂಗಡಿಗರು ದಿಲ್ಲಿ ಸುತ್ತಲಿನ ಪಟ್ಟಣಗಳಲ್ಲಿ ಮಾಡಿದ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಫೋನಿನಲ್ಲಿ ಮನೆ ಕೇಳಿದ ದಲಿತರಲ್ಲಿ ನೂರಕ್ಕೆ 18 ಮಂದಿಗೆ ನೇರವಾಗಿ ಇಲ್ಲ ಅಂದರು, 23 ಮಂದಿಗೆ ಹೆಚ್ಚಿನ ಷರತ್ತು ಹಾಕಿದರು. ಮೇಲ್ಜಾತಿಯ ಹೆಸರು ಹೇಳಿದವರಿಗೆ ಯಾರೂ ಇಲ್ಲ ಅನ್ನಲಿಲ್ಲ. 1917ರಲ್ಲಿ ಬಾಬಾಸಾಹೇಬರು ಅಮೆರಿಕ, ಲಂಡನ್ ನೋಡಿ ಬಂದು ಬಡೋದೆಯಲ್ಲಿ ನೌಕರಿಗೆ ಸೇರಿದಾಗಲೂ ಇರಲಿಕ್ಕೆ ಒಂದು ಖೋಲಿ ಸಿಗಲಿಲ್ಲ. ಪಾರ್ಸಿ ವಸತಿಗೃಹದಿಂದ ಅವರನ್ನು ಹೊರಗೆ ಹಾಕಿದರು. ಅಷ್ಟು ದೊಡ್ಡ ಪದವಿ, ನೌಕರಿ ಎರಡೂ ಇದ್ದವು. ಇಲ್ಲದ್ದು ಖೋಲಿ. ಹಂಗಾಗಿ ನಾನು ಹೇಳೂದು ಒಂದೇ: ನಮ್ಮವರಿಗೆ ಪಟ್ಟಣದ ಮೊದಲ ಪ್ರಶ್ನೆ ನೌಕರಿ ಅಲ್ಲ, ಖೋಲಿ. ಮತ್ತ ಖೋಲಿ ಒಬ್ಬನೇ ಹುಡುಕಿದರ ಸಿಗೂದು ಕಠಿಣ.

ಖೋಲಿ ಸಿಕ್ಕಮ್ಯಾಲ ಕರಾರು ಬಿಡಬ್ಯಾಡ್ರಿ. ಮಹಾರಾಷ್ಟ್ರದ 1999ರ ಭಾಡೆ ಕಾಯ್ದೆಯ ಪ್ರಕಾರ ಕರಾರು ಬರಹದಲ್ಲಿ ಇರಬೇಕು, ನೋಂದಣಿ ಆಗಬೇಕು. ನೋಂದಣಿ ಮಾಡಿಸುವ ಜವಾಬ್ದಾರಿ ಮಾಲಕರದು. ಕಾಗದ ಇದ್ದರ ಡಿಪಾಜಿಟ್ ತಿರುಗಿ ಕೇಳಲಿಕ್ಕೆ ಬಾಯಿ ಇರತೈತಿ.

ಕೆಲವರು ಬೆಂಗಳೂರು ಅಂತಾರ. ಮನ್ಯಾಗ ಕನ್ನಡ, ಸಾಳಿಯಾಗ ಮರಾಠಿ, ಎರಡೂ ಬರೂ ನಮ್ಮ ಹುಡುಗರಿಗೆ ಹೆದ್ದಾರಿಯ ಎರಡೂ ತುದಿ ತೆರೆದಾವು, ಖರೇ. ಅಲ್ಲಿ ಅಡ್ವಾನ್ಸ್ ಹತ್ತು ತಿಂಗಳ ತನಕ ಕೇಳೂ ರೂಢಿ ಐತಿ, ಅದು ಒಂದು. ಅದಕ್ಕಿಂತ ದೊಡ್ಡದು ಜಾತಿ ದಾಖಲೆ. ನಿಮ್ಮ ಅನುಸೂಚಿತ ಜಾತಿಯ ಪ್ರಮಾಣಪತ್ರ ಮಹಾರಾಷ್ಟ್ರದ್ದು. ಅದರ ಮೇಲೆ ಕರ್ನಾಟಕ ಸರ್ಕಾರದ ನೌಕರಿಯಲ್ಲಿ ಮೀಸಲಾತಿ ಕೇಳಲಿಕ್ಕೆ ಬರುವುದಿಲ್ಲ. ಸುಪ್ರೀಂ ಕೋರ್ಟು 2018ರಲ್ಲಿಯೂ ಇದನ್ನೇ ಹೇಳಿತು. ರೇಲ್ವೆ, ಬ್ಯಾಂಕು, ಕೇಂದ್ರ ಸರ್ಕಾರದ ನೌಕರಿಗೆ ಅದೇ ಪ್ರಮಾಣಪತ್ರ ನಡೆಯುತ್ತದೆ. ಖಾಸಗಿ ಕಂಪನಿಗೆ ಹೋಗೂವರಿಗೆ ಈ ಫರಕು ಬರೂದಿಲ್ಲ. ರಾಜ್ಯದ ನೌಕರಿಯ ಆಸೆ ಇದ್ದವರು ಮಾತ್ರ ಗಡಿ ದಾಟೂ ಮುಂಚೆ ಎರಡು ಸಲ ಯೋಚನೆ ಮಾಡ್ರಿ. ಮತ್ತ ಎಲ್ಲಿಗೇ ಹೋಗ್ರಿ, ಹೋಗೂ ಮುಂಚೆ ಸಾಳಿಯ ದಾಖಲಾ, ಅಪ್ಪ-ಅಜ್ಜನ ದಾಖಲೆ, ಜಾತಿ ಪ್ರಮಾಣಪತ್ರ, ಪಡತಾಳಣಿ ಎಲ್ಲ ಮಾಡಿಸಿಕೊಳ್ರಿ. 1950ರ ಹಿಂದಿನ ಕಾಗದ ಊರಾಗ ಸಿಗತೈತಿ, ಪುಣೆಯಾಗ ಸಿಗೂದಿಲ್ಲ.

ಕಲಿಯಲಿಕ್ಕೆ ಹೋಗೂ ಮಕ್ಕಳಿಗೆ ಒಂದು ಮಾತು. ಸಮಾಜ ಕಲ್ಯಾಣ ಇಲಾಖೆಯ ವಸತಿಗೃಹಕ್ಕ ಮೊದಲು ಅರ್ಜಿ ಹಾಕ್ರಿ. ಅಲ್ಲಿ ಜಾಗ ಸಿಗದ ಅನುಸೂಚಿತ ಜಾತಿ, ನವಬೌದ್ಧ ವಿದ್ಯಾರ್ಥಿಗಳಿಗಾಗಿ ಡಾ. ಬಾಬಾಸಾಹೇಬ ಆಂಬೇಡಕರ ಸ್ವಾಧಾರ ಯೋಜನೆ ಐತಿ. ಮುಂಬೈ, ಪುಣೆ, ನಾಗಪುರದಂಥ ಪಟ್ಟಣಕ್ಕೆ ವರ್ಷಕ್ಕೆ 60,000 ಅಂತ ಯೋಜನೆ ಶುರುವಾಯಿತು: ಊಟಕ್ಕೆ 32,000, ವಸತಿಗೆ 20,000, ನಿರ್ವಾಹಕ್ಕೆ 8,000. ದೊಡ್ಡ ಮೊತ್ತ ಕಾಣತೈತಿ. ಹನ್ನೆರಡರಿಂದ ಭಾಗಿಸ್ರಿ. ವಸತಿಗೆ ತಿಂಗಳಿಗೆ 1,666 ಬರತೈತಿ. ಮೇಲಿನ ನಮ್ಮ ಲೆಕ್ಕದಾಗ ಖೋಲಿಯ ಪಾಲೇ 4,000. ಮತ್ತ ಆ ರೊಕ್ಕ ಪ್ರತಿ ತಿಂಗಳ ಒಂದನೇ ತಾರೀಖಿಗೆ ಕೈಗೆ ಬರೂದಲ್ಲ. ಯೋಜನೆ ಬಿಡಬ್ಯಾಡ್ರಿ, ಅದರೊಂದರ ಮ್ಯಾಲ ನಿಂತು ಹೋಗಲೂ ಬ್ಯಾಡ್ರಿ.

ಹೆಣ್ಣುಮಕ್ಕಳ ಲೆಕ್ಕ ಬ್ಯಾರೆ ಐತಿ. ಹುಡುಗ ಹೋಗತೇನಿ ಅಂದರ "ಎಷ್ಟು ಗಳಸತಿ" ಅಂತೇವಿ. ಹುಡುಗಿ ಹೋಗತೇನಿ ಅಂದರ "ಯಾಕ ಹೋಗತಿ" ಅಂತೇವಿ. ಊರು ಹೆಣ್ಣಿನಿಂದ ವಸೂಲಿ ಮಾಡೂ ಬೆಲೆ ಗಂಡಿಗಿಂತ ಜಾಸ್ತಿ, ಹಂಗಾಗಿ ಪಟ್ಟಣ ಆಕೆಗೆ ಕೊಡೂದೂ ಜಾಸ್ತಿ ಇರಬಹುದು. ಆಕೆಗೆ ಬ್ಯಾಡ ಅನ್ನೂ ಬದಲಿ ಒಳ್ಳೆಯ ವಸತಿಗೃಹ ಹುಡುಕೂದು ಅಪ್ಪ-ಅಣ್ಣಂದಿರ ಕೆಲಸ.

ಇಲ್ಲೇ ಇರೂವರನ್ನೂ ಸಣ್ಣವರು ಅಂತ ತಿಳಿಯಬ್ಯಾಡ್ರಿ. ವಯಸ್ಸಾದ ಅವ್ವ-ಅಪ್ಪನ ಔಷಧ, ಸಾತಬಾರಾದಾಗಿನ ಹೆಸರು, ಗ್ರಾಮಸಭೆಯಾಗ ನಮ್ಮ ಓಣಿಯ ನೀರು-ಗಟಾರದ ಮಾತು, ಇವನ್ನ ಹಿಡಿದವರು ಅವರೇ. ಎಲ್ಲರೂ ಹೋದರ ಗ್ರಾಮಸಭೆಯಾಗ ನಮ್ಮ ಪರವಾಗಿ ಕೈ ಎತ್ತೂವರು ಯಾರು?

ಹೋದವರು ಹೆಂಗ ಹೋಗಬೇಕು ಅನ್ನೂದಕ್ಕ ನಮ್ಮ ಸನಿಯಾದಾಗೇ ಒಂದು ಪಾಠ ಐತಿ. 1920ರ ಮಾರ್ಚ್ 21 ಮತ್ತು 22ರಂದು ಮಾಣಗಾಂವದಲ್ಲಿ ಪರಿಷತ್ತು ನಡೆಯಿತು. ಶಾಹೂ ಮಹಾರಾಜರು ಬಂದು ಬಾಬಾಸಾಹೇಬರನ್ನು ಜನರ ಮುಂದೆ ನಮ್ಮ ನಾಯಕ ಅಂತ ತೋರಿಸಿದರು. ಅದೇ ವರ್ಷ ಜುಲೈ ತಿಂಗಳಲ್ಲಿ ಬಾಬಾಸಾಹೇಬರು ಲಂಡನ್‌ಗೆ ಹೋದರು. ಅದು ದುಬಾರಿ ಪಟ್ಟಣ. ಪ್ರಾಧ್ಯಾಪಕ ನೌಕರಿಯಲ್ಲಿ ಉಳಿಸಿದ ರೊಕ್ಕ, ಗೆಳೆಯನಿಂದ ತಂದ ಸಾಲ, ಮಹಾರಾಜರ ಸಹಾಯ, ಈ ಮೂರು ಕೂಡಿಸಿ ಹೋದರು. ಅರೆಹೊಟ್ಟೆ ಉಂಡು ದಿನವೆಲ್ಲ ಗ್ರಂಥಾಲಯದಲ್ಲಿ ಕೂತರು. ಏನು ಮುಗಿಸಬೇಕು ಅನ್ನುವುದು ಗೊತ್ತಿತ್ತು. ಮುಗಿಸಿ 1923ರಲ್ಲಿ ತಿರುಗಿ ಬಂದರು. ಆ ವರ್ಷಗಳಲ್ಲಿ ಮುಂಬೈಯ ಚಾಳಿನಲ್ಲಿ ಮನೆತನ ಸಂಭಾಳಿಸಿದವರು ರಮಾಬಾಯಿ. ಹೋದವರ ಲೆಕ್ಕ ಬರಿಯೂವಾಗ ಉಳಿದವರ ಕಷ್ಟವನ್ನೂ ಅದೇ ಪುಟದಾಗ ಬರೀಬೇಕು.

ಶಾಹೂ ಮಹಾರಾಜರು ಇನ್ನೊಂದು ಕೆಲಸ ಮಾಡಿದ್ದರು. ಹಳ್ಳಿಯ ಹುಡುಗ ಕಲಿಯಲಿಕ್ಕೆ ಕೊಲ್ಲಾಪುರಕ್ಕೆ ಬಂದರೆ ಮೊದಲು ಬೇಕಾದದ್ದು ಇರಲಿಕ್ಕೆ ಜಾಗ ಅನ್ನುವುದನ್ನು ತಿಳಿದು ಬೋರ್ಡಿಂಗುಗಳಿಗೆ ಬೆಂಬಲ ಕೊಟ್ಟರು. ನಮ್ಮ ಸಮಾಜದ ಹುಡುಗರಿಗಾಗಿ 1908ರಲ್ಲಿ ಮಿಸ್ ಕ್ಲಾರ್ಕ್ ಬೋರ್ಡಿಂಗು ಶುರುವಾಯಿತು. ಖೋಲಿಯ ಪ್ರಶ್ನೆಗೆ ಅಂದೇ ಸಿಕ್ಕ ಉತ್ತರ ಅದು: ಒಬ್ಬೊಬ್ಬರ ಕೈಲೆ ಆಗದ್ದನ್ನ ಎಲ್ಲರೂ ಕೂಡಿ ಮಾಡೂದು.

ನಮ್ಮ ಮಂಡಳ ಬೋರ್ಡಿಂಗು ಕಟ್ಟಲಾರದು. ಮೂರು ಕೆಲಸ ಮಾಡಬಹುದು. ಒಂದು, ಒಂದು ವಹಿ: ನಮ್ಮವರು ಯಾರು ಯಾವ ಪಟ್ಟಣದಾಗ, ಯಾವ ಕೆಲಸದಾಗ ಇದ್ದಾರ, ಯಾವ ಭಾಗದಾಗ ಹೆಸರು ಕೇಳದ ಖೋಲಿ ಕೊಡತಾರ ಅನ್ನೂದು ಅದರಾಗ ಇರಲಿ. ಎರಡು, ಡಿಪಾಜಿಟ್‌ಗಾಗಿ ಒಂದು ಭಿಶಿ: 60 ಮಂದಿ ತಿಂಗಳಿಗೆ 100 ಹಾಕಿದರ ವರ್ಷಕ್ಕ 72,000 ಆಗತೈತಿ. ಅಂದರ 36,000ದ ಎರಡು ಖೋಲಿಯ ಡಿಪಾಜಿಟ್, ಆರು ಮಂದಿಗೆ ಜಾಗ. ಡಿಪಾಜಿಟ್ ತಿರುಗಿ ಬರೂ ರೊಕ್ಕ, ಮರುವರ್ಷ ಮತ್ತ ಆರು ಮಂದಿಗೆ ಉಪಯೋಗ. ಮೂರು, ಪ್ರತಿ ವರ್ಷ ಜೂನಿನ ಮೊದಲು ಒಂದು ದಿನ ಕೂತು ಎಲ್ಲರ ಕಾಗದಪತ್ರ ಸರಿಮಾಡಿಸೂದು.

ಹೋಗೂದು ಓಡಿಹೋಗೂದಲ್ಲ, ಇರೂದು ಸೋತು ಇರೂದಲ್ಲ. ಲೆಕ್ಕ ನೋಡಿ ಹೋಗ್ರಿ, ಲೆಕ್ಕ ನೋಡಿ ಇರ್ರಿ. ವಹಿ ಇವತ್ತಿನಿಂದ ಶುರು. ಹೋಗೂವರೂ ಹೆಸರು ಬರಸ್ರಿ, ಇಲ್ಲೇ ಇರೂವರೂ ಬರಸ್ರಿ, ಮೊದಲ ನೂರು ರೂಪಾಯಿ ನನ್ನದು.

ಜೈ ಭೀಮ್, ಜೈ ಭಾರತ.