ಎಕ್ಸರೇ ಕಿರಣಕ್ಕೂ ಒಂದು ಅಳತೆ ಐತಿ



ಸಿಂಧನೂರು, ಲಿಂಗಸುಗೂರು, ಮಸ್ಕಿ ಕಡೆಯ ಹೆಣ್ಣುಮಕ್ಕಳಿಗೆ ಅಳತೆ ಹೊಸದಲ್ಲ. ಜೋಳಕ್ಕೆ ಸೇರು. ಬಂಗಾರಕ್ಕೆ ತೊಲ. ಹಾಗೇ ಎಕ್ಸರೇ ಕಿರಣ ಮೈಗೆ ಎಷ್ಟು ತಾಗಿತು ಅನ್ನೋದಕ್ಕೂ ಒಂದು ಅಳತೆ ಇದೆ. ಅದರ ಹೆಸರು ಸೀವರ್ಟ್. ಅದು ಸ್ವೀಡನ್ ದೇಶದ ಒಬ್ಬ ವಿಜ್ಞಾನಿಯ ಹೆಸರು. ಬೆಕೆರಲ್, ಗ್ರೇ ಅಂತ ಬೇರೆ ಅಳತೆಗಳೂ ಇವೆ. ನಮಗೆ ಸದ್ಯಕ್ಕೆ ಸೀವರ್ಟ್ ಸಾಕು.

ಸೀವರ್ಟ್ ಬಹಳ ದೊಡ್ಡ ಅಳತೆ. ಅದನ್ನು ಸಾವಿರ ಪಾಲು ಮಾಡಿದರೆ ಒಂದು ಪಾಲು ಮಿಲಿಸೀವರ್ಟ್. ಕಿಲೋದೊಳಗೆ ಗ್ರಾಂ ಇದ್ದ ಹಾಗೆ.

ಕಿರಣ ಆಸ್ಪತ್ರೆಯಲ್ಲಿ ಮಾತ್ರ ಇರುವುದಿಲ್ಲ. ಮಸ್ಕಿ ಗುಡ್ಡದ ಕಲ್ಲಿನಿಂದ, ಹೊಲದ ಮಣ್ಣಿನಿಂದ, ಉಸಿರಾಡುವ ಗಾಳಿಯಿಂದ, ಆಕಾಶದಿಂದಲೂ ಸ್ವಲ್ಪ ಸ್ವಲ್ಪ ಬರುತ್ತಲೇ ಇರುತ್ತದೆ. ಕಣ್ಣಿಗೆ ಕಾಣದು. ಇಡೀ ಜಗತ್ತಿನ ಲೆಕ್ಕ ತೆಗೆದರೆ ಒಬ್ಬರಿಗೆ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್. ಎದೆಯ ಎಕ್ಸರೇ ಒಂದಕ್ಕೆ ಎಷ್ಟು? 0.1, ಅಂದರೆ ಒಂದು ಮಿಲಿಸೀವರ್ಟಿನ ಹತ್ತನೇ ಒಂದು ಪಾಲು. ಅದಕ್ಕೂ ಕಡಿಮೆ ಇದ್ದೀತು. ಮನೆ, ಹೊಲ ಅಂತ ಹದಿನೈದು ದಿನ ಓಡಾಡಿದರೆ ಸುಮಾರು ಅಷ್ಟೇ ತಾಗುತ್ತದೆ.

"ಹಂಗಾದ್ರ ಎಕ್ಸರೇ ತೆಗೆಯೋರು ನಮ್ಮನ್ನ ಬಿಟ್ಟು ಗ್ವಾಡಿ ಹಿಂದ ಯಾಕ ಹೋಗ್ತಾರ್ರೀ ಟೀಚರ್?" ಅಂತ ಕೇಳ್ತೀರಿ. ಸರಿಯಾದ ಪ್ರಶ್ನೆ. ನಿಮಗೆ ಒಂದು ಎಕ್ಸರೇ. ಅವರಿಗೆ ದಿನಾ ಹತ್ತಾರು. ಮನೆಮಂದಿಗೆ ನಾಲ್ಕು ರೊಟ್ಟಿ ಬಡಿಯುವುದು ಬೇರೆ, ಮದುವೆ ಮನೆಯಲ್ಲಿ ದಿನವಿಡೀ ಒಲೆ ಮುಂದೆ ಕೂಡುವುದು ಬೇರೆ, ಹೌದಲ್ರೀ? ಅದಕ್ಕೇ ಅವರು ಎದೆಗೆ ಒಂದು ಬಿಲ್ಲೆ ಹಾಕಿಕೊಳ್ಳುತ್ತಾರೆ. ಎಷ್ಟು ಕಿರಣ ತಾಗಿತು ಎಂಬ ಲೆಕ್ಕ ಅದರಲ್ಲಿ ಸಿಗುತ್ತದೆ. ನಮ್ಮ ದೇಶದ ನಿಯಮದಂತೆ, ಐದು ವರ್ಷದ ಸರಾಸರಿ ತೆಗೆದರೆ, ಅವರಿಗೆ ವರ್ಷಕ್ಕೆ 20 ಮಿಲಿಸೀವರ್ಟ್ ದಾಟಬಾರದು.

ಎರಡು ವಾರ ದಾಟಿದರೂ ಕೆಮ್ಮು ನಿಲ್ಲಲಿಲ್ಲವೇ? ಕಫ ಪರೀಕ್ಷೆ ಮಾಡಿಸಿ. ಡಾಕ್ಟರು ಹೇಳಿದರೆ ಎಕ್ಸರೇನೂ ತೆಗೆಸಿ. ಕಿರಣಕ್ಕೆ ಹೆದರಿ ಮನೆಯಲ್ಲಿ ಕೂತರೆ, ಕ್ಷಯ ಇದ್ದರೆ ಒಳಗೇ ಬೆಳೆಯುತ್ತದೆ. ಮಕ್ಕಳಿಗೂ ಹರಡುತ್ತದೆ. ನನ್ನ ಕೇಳಿದರೆ, ಹೆದರಬೇಕಾದ್ದು ಕ್ಷಯಕ್ಕೆ.

ಹಾಗಂತ ಬೇಕಿಲ್ಲದೆ ತೆಗೆಸಬೇಡಿ. ಹೊಟ್ಟೆಯ ಸಿ.ಟಿ. ಸ್ಕ್ಯಾನ್ ಒಂದಕ್ಕೆ ಸುಮಾರು 8 ರಿಂದ 10 ಮಿಲಿಸೀವರ್ಟ್. ನೂರು ಎದೆ ಎಕ್ಸರೇ ಲೆಕ್ಕ ಅದು! "ಇದು ಯಾಕೆ ಬೇಕ್ರೀ ಡಾಕ್ಟ್ರೇ?" ಎಂದು ಕೇಳಲು ನಾಚಬೇಡಿ. ಹಳೆಯ ಫಿಲಂ ಜೋಪಾನವಾಗಿ ಇಟ್ಟು ತೋರಿಸಿ. ಮತ್ತೆ ತೆಗೆಯುವುದು ತಪ್ಪಬಹುದು.

ಬಸುರಿಯರಿಗೆ ಮಾಡುವ ಹೊಟ್ಟೆ ಸ್ಕ್ಯಾನಿಂಗ್ ಬೇರೆ. ಅದು ಶಬ್ದದ ಅಲೆ. ಅದರಲ್ಲಿ ಇಂಥ ಕಿರಣ ಇಲ್ಲ. ಆದರೆ ಎಕ್ಸರೇ ಕೋಣೆಗೆ ಹೋಗುವ ಮುಂಚೆ ನೆನಪಿಡಿ. ಬಸುರಿ ಎಂಬ ಅನುಮಾನ ಇದ್ದರೂ ಸಾಕು, ಮೊದಲೇ ಹೇಳಿ. ಅತ್ತೆ ಪಕ್ಕದಲ್ಲಿದ್ದಾರೆ, ಗಂಡಸರಿದ್ದಾರೆ ಅಂತ ಸುಮ್ಮನಿರಬೇಡಿ. "ಮುಟ್ಟು ನಿಂತು ಎರಡು ತಿಂಗಳಾಯಿತು" ಎಂದು ಚೀಟಿಯಲ್ಲಿ ಬರೆದು ಕೊಟ್ಟರೂ ಆಯಿತು.