ಕೈ ಎತ್ತುವ ಮುನ್ನ



2002ರ ಅಕ್ಟೋಬರ್ ತಿಂಗಳ ಮೊದಲ ವಾರ. ಇರಾಕಿನ ಬಳಿ ಏನೇನು ಆಯುಧಗಳಿವೆ ಎಂಬ ಬಗ್ಗೆ ಅಮೆರಿಕದ ಗುಪ್ತಚರ ಸಂಸ್ಥೆಗಳು ತಮ್ಮ ಸಂಸದರಿಗೆ ಒಂದು ವರದಿ ಕೊಟ್ಟವು. 92 ಪುಟ. ರಹಸ್ಯ ಕಡತವಾದ್ದರಿಂದ ಮನೆಗೆ ಒಯ್ಯುವಂತಿಲ್ಲ; ಕಾವಲಿರುವ ಕೋಣೆಗೇ ಹೋಗಿ, ಕೂತು ಓದಬೇಕು. ಇರಾಕಿನ ಮೇಲೆ ಯುದ್ಧ ಮಾಡುವ ಅಧಿಕಾರ ಕೊಡಬೇಕೇ ಎಂಬ ಮತದಾನಕ್ಕೆ ಉಳಿದಿದ್ದದ್ದು ಹತ್ತೇ ದಿನ. ಪೂರ್ತಿ ಓದಿದ ಸೆನೆಟರುಗಳನ್ನು ಬೆರಳಲ್ಲಿ ಎಣಿಸಬಹುದಿತ್ತು.

ಓದಿದವರಿಗೆ ಏನು ಸಿಗುತ್ತಿತ್ತು? ಇರಾಕ್ ತರಿಸಲು ಹೊರಟಿದ್ದ ಅಲ್ಯೂಮಿನಿಯಂ ಕೊಳವೆಗಳ ವಿಚಾರ. ಅವು ಅಣುಬಾಂಬಿಗೆಂದು ಯುರೇನಿಯಂ ಸಂಸ್ಕರಿಸುವುದಕ್ಕೇ ಎಂದು ಸರ್ಕಾರ ಊರೆಲ್ಲ ಹೇಳುತ್ತಿತ್ತು. ಆದರೆ ಅಮೆರಿಕದ್ದೇ ಇಂಧನ ಇಲಾಖೆಯ ತಜ್ಞರು ಆ ಮಾತನ್ನು ಒಪ್ಪಿರಲಿಲ್ಲ. ಅವು ರಾಕೆಟ್ಟಿನ ಕೊಳವೆಗಳಿರಬೇಕು ಎಂದಿದ್ದರು. ಆ ಭಿನ್ನಮತ ಅದೇ ವರದಿಯೊಳಗಿತ್ತು. ಸೆನೆಟ್ಟಿನ ಗುಪ್ತಚರ ಸಮಿತಿಯ ಅಧ್ಯಕ್ಷ ಬಾಬ್ ಗ್ರಹಾಂ ಓದಿದರು, ಯುದ್ಧದ ವಿರುದ್ಧ ಮತ ಹಾಕಿದರು. ನಾನು ಇವತ್ತು ನಿಮ್ಮ ಮುಂದೆ ನಿಂತಿರುವುದು ಆ ಕೋಣೆಯ ಬಾಗಿಲು ತೆರೆಯದೆ ಮತ ಹಾಕಿದವರ ಬಗ್ಗೆ ಮಾತಾಡಲು. ಜನರ ಮಕ್ಕಳನ್ನು ರಣರಂಗಕ್ಕೆ ಕಳಿಸುವ ಅಧಿಕಾರ ಕೈಯಲ್ಲಿರುವವರು ಓದದಿರುವುದು ನನ್ನ ಪಾಲಿಗೆ ಬರೀ ಸೋಮಾರಿತನವಲ್ಲ, ಅಪರಾಧ.

ಆಗ ಬೇರೆ ದಾರಿಯೇ ಇರಲಿಲ್ಲವೇ? ಇತ್ತು. ಕ್ಯಾಲಿಫೋರ್ನಿಯಾದ ಸಂಸದೆ ಬಾರ್ಬರಾ ಲೀ ಅದನ್ನು ತಿದ್ದುಪಡಿಯಾಗಿ ಬರೆದು ಕೆಳಮನೆಯ ಮುಂದಿಟ್ಟರು: ವಿಶ್ವಸಂಸ್ಥೆಯ ಮೂಲಕವೇ ಹೋಗೋಣ, ಆಯುಧಗಳ ತಪಾಸಣೆ ನಡೆಯಲಿ, ಮಾತುಕತೆಯಿಂದ ಬಗೆಹರಿಸೋಣ. ಪರ 72, ವಿರುದ್ಧ 355. ಮುಂದೆ ಯುದ್ಧಾಧಿಕಾರದ ನಿರ್ಣಯ ಕೆಳಮನೆಯಲ್ಲಿ 296–133, ಸೆನೆಟ್ಟಿನಲ್ಲಿ 77–23ರಿಂದ ಗೆದ್ದಿತು. ಒಮ್ಮೆ ಕೊಟ್ಟ ಅಧಿಕಾರ ಹಾಗೆಯೇ ಉಳಿಯಿತು. 2020ರಲ್ಲಿ ಇರಾನಿನ ಸೇನಾನಿ ಸುಲೇಮಾನಿಯನ್ನು ಕೊಂದಾಗಲೂ ಸರ್ಕಾರ ತೋರಿಸಿದ್ದು ಅದೇ ಹಳೆಯ ಕಾಗದವನ್ನು.

ನಮ್ಮ ಕಡೆಯ ಮಾತನ್ನೂ ಹೇಳಿಬಿಡುತ್ತೇನೆ. ಕರಾವಳಿಯ ಎಷ್ಟೋ ಮನೆಗಳ ಒಲೆ ಉರಿಯುವುದು ಕೊಲ್ಲಿಯ ದುಡಿಮೆಯಿಂದ. ಅಲ್ಲಿ ಯುದ್ಧ ಬಂದರೆ ಇಲ್ಲಿಗೂ ತಟ್ಟುತ್ತದೆ; 1990ರಲ್ಲಿ ಕುವೈತಿನಲ್ಲಿದ್ದ ಒಂದು ಲಕ್ಷಕ್ಕೂ ಹೆಚ್ಚು ಭಾರತೀಯರನ್ನು ವಿಮಾನದಲ್ಲಿ ಕರೆತಂದದ್ದು ಹಿರಿಯರಿಗೆ ನೆನಪಿರಬೇಕು. 2003ರ ಏಪ್ರಿಲ್‌ನಲ್ಲಿ ನಮ್ಮ ಲೋಕಸಭೆ ಒಮ್ಮತದಿಂದ ಇರಾಕಿನ ಮೇಲಿನ ದಾಳಿಯನ್ನು ಖಂಡಿಸಿತು. ಜುಲೈನಲ್ಲಿ ವಾಜಪೇಯಿ ಸರ್ಕಾರ ಅಲ್ಲಿಗೆ ಸೈನ್ಯ ಕಳಿಸಲು ಒಪ್ಪಲಿಲ್ಲ. ಶಾಸನಸಭೆ ಇಲ್ಲ ಎನ್ನಬಲ್ಲದು ಎಂಬುದಕ್ಕೆ ಬೇರೆಲ್ಲೂ ಸಾಕ್ಷಿ ಹುಡುಕಬೇಕಿಲ್ಲ.

ರಾಜತಂತ್ರ ಅಂದರೆ ಅಂಜುಬುರುಕತನ ಅನ್ನುವವರಿದ್ದಾರೆ. ಅವರಿಗೆ 2003ರ ಮಾರ್ಚ್ ತಿಂಗಳನ್ನು ತೋರಿಸಬೇಕು. ಹ್ಯಾನ್ಸ್ ಬ್ಲಿಕ್ಸ್ ನೇತೃತ್ವದ ವಿಶ್ವಸಂಸ್ಥೆಯ ತಪಾಸಕರು ನವೆಂಬರಿನಿಂದಲೂ ಇರಾಕಿನಲ್ಲಿದ್ದರು. ಅಲ್ ಸಮೂದ್ ಕ್ಷಿಪಣಿ 150 ಕಿಲೋಮೀಟರಿನ ಮಿತಿ ದಾಟುತ್ತದೆ, ನಾಶಮಾಡಿ ಅಂದರು. ಮಾರ್ಚ್ 1ರಿಂದ ಇರಾಕಿನವರೇ ಬುಲ್ಡೋಜರ್ ತಂದು ತಮ್ಮ ಕ್ಷಿಪಣಿಗಳನ್ನು ತಾವೇ ಜಜ್ಜತೊಡಗಿದರು. ಒಂದು ಗುಂಡೂ ಹಾರದೆ ಸುಮಾರು 70 ಕ್ಷಿಪಣಿಗಳು ನಜ್ಜುಗುಜ್ಜಾದವು. ಮಾರ್ಚ್ 7ರಂದು ಬ್ಲಿಕ್ಸ್ ಭದ್ರತಾ ಮಂಡಳಿಯಲ್ಲಿ, ಉಳಿದ ಕೆಲಸಕ್ಕೆ ವರ್ಷಗಳು ಬೇಡ, ಕೆಲವು ತಿಂಗಳು ಸಾಕು ಎಂದು ಕೇಳಿದರು.

ಆ ತಿಂಗಳುಗಳನ್ನು ಕೊಡಿಸಬಹುದಾಗಿದ್ದ ಅಮೆರಿಕದ ಸಂಸತ್ತು ತನ್ನ ಮಾತನ್ನು ಅಕ್ಟೋಬರಿನಲ್ಲೇ ಒಪ್ಪಿಸಿಬಿಟ್ಟಿತ್ತು. ಮಾರ್ಚ್ 18ರಂದು ತಪಾಸಕರು ಬಾಗ್ದಾದಿನಿಂದ ವಿಮಾನ ಹತ್ತಿದರು. ಇನ್ನೂ ಜಜ್ಜಬೇಕಾಗಿದ್ದ ಕ್ಷಿಪಣಿಗಳು ಹಾಗೆಯೇ ಉಳಿದವು. ಎರಡು ದಿನ ಕಳೆದು ಬಾಂಬು ಬಿತ್ತು.