ರಕ್ತದ ಗುಂಪು ಒಂದೇ ಆದ್ರೆ ಸಾಲದು: ಕೋಲಾರದ ಮನೆಗಳು ಮತ್ತು ಎಚ್‌ಎಲ್‌ಎ

ಮನೆಯ ಮಗುವಿಗೆ ರಕ್ತದ ಕ್ಯಾನ್ಸರೋ ಥಲಸೀಮಿಯಾನೋ ಅಂತ ಗೊತ್ತಾಗಿ, ಡಾಕ್ಟರು ‘ಅಸ್ಥಿಮಜ್ಜೆ ಕಸಿ ಮಾಡಬೇಕು’ ಅಂದಾಗ ನೆಂಟರಿಷ್ಟರು ಮೊದಲು ಹೇಳೋದು ಏನು? ‘ನಂದೂ ಓ ಪಾಸಿಟಿವ್ವೇ, ನಾನು ಕೊಡ್ತೀನಿ.’ ಮನಸ್ಸು ದೊಡ್ಡದು, ನಿಜ. ಆದ್ರೆ ಇಲ್ಲಿ ರಕ್ತದ ಗುಂಪು ಮುಖ್ಯ ಅಲ್ಲ. ಗುಂಪು ಬೇರೆ ಇದ್ದರೂ ಕಸಿ ಮಾಡಬಹುದು. ಆಮೇಲೆ ರೋಗಿಯ ಗುಂಪೇ ದಾನಿಯದಕ್ಕೆ ಬದಲಾಗುತ್ತೆ. ಹೊಂದಬೇಕಾದ್ದು ಎಚ್‌ಎಲ್‌ಎ.

ಇದು ನಮ್ಮ ಆರನೇ ವರ್ಣತಂತುವಿನಲ್ಲಿರೋ ಜೀನ್‌ಗಳ ಗುಚ್ಛ. ಬಹುತೇಕ ಎಲ್ಲ ಜೀವಕೋಶಗಳ ಹೊರಮೈಯಲ್ಲಿ ಒಂದು ಗುರುತಿನ ಚೀಟಿ ಅಂಟಿಸೋ ಕೆಲಸ ಇದರದ್ದು. ರೋಗನಿರೋಧಕ ಕೋಶಗಳು ಆ ಚೀಟಿ ನೋಡಿ ‘ಇದು ನಮ್ಮದು, ಇದು ಹೊರಗಿನದು’ ಅಂತ ತೀರ್ಮಾನ ಮಾಡ್ತವೆ. 1958ರಲ್ಲಿ ಇದರ ಮೊದಲ ಸುಳಿವು ಹಿಡಿದವರು ಫ್ರಾನ್ಸಿನ ಜಾನ್ ದೋಸೆ. ಹೆಸರು ನಮ್ಮ ತಿಂಡಿ ಥರ ಇದೆ, ಇರಲಿ. 1980ರಲ್ಲಿ ನೊಬೆಲ್ ಹಂಚಿಕೊಂಡವರಲ್ಲಿ ಅವರೂ ಒಬ್ಬರು.

ರಕ್ತದಲ್ಲಿ ಎ, ಬಿ, ಎಬಿ, ಓ ಅಂತ ನಾಲ್ಕೇ ಗುಂಪು. ಎಚ್‌ಎಲ್‌ಎಯಲ್ಲಿ ಈವರೆಗೆ ಗುರುತಿಸಿರೋ ರೂಪಗಳು 30,000ಕ್ಕೂ ಹೆಚ್ಚು. ಇಷ್ಟು ಬಗೆ ಯಾಕೆ ಅಂದ್ರೆ, ರೋಗಾಣುಗಳಿಂದ. ಆಫ್ರಿಕಾದ ಗ್ಯಾಂಬಿಯಾದಲ್ಲಿ ಬಿ-53 ಅನ್ನೋ ರೂಪ ಇರೋ ಮಕ್ಕಳಿಗೆ ತೀವ್ರ ಮಲೇರಿಯಾದಿಂದ ರಕ್ಷಣೆ ಸಿಗುತ್ತೆ ಅಂತ 1991ರಲ್ಲೇ ಕಂಡುಕೊಂಡರು. ಒಂದೊಂದು ಸೀಮೆಯ ಕಾಯಿಲೆ, ವಲಸೆ, ಮದುವೆ ಪದ್ಧತಿ ಎಲ್ಲ ಸೇರಿ ಒಂದೊಂದು ಜನಸಮುದಾಯದಲ್ಲಿ ಒಂದೊಂದು ಬೆರಕೆ ಉಳಿದುಕೊಂಡಿದೆ.

ತೊಂದರೆ ಇಲ್ಲೇ ಇರೋದು. ಜಗತ್ತಿನ ದಾನಿಗಳ ಪಟ್ಟಿಯಲ್ಲಿ ನಾಲ್ಕು ಕೋಟಿಗೂ ಹೆಚ್ಚು ಹೆಸರಿವೆ, ಭಾರತದ್ದು ಅದರಲ್ಲಿ ಕೆಲವೇ ಲಕ್ಷ. ಅಮೆರಿಕದಲ್ಲಿ 2014ರಲ್ಲಿ ಬಂದ ಲೆಕ್ಕದ ಪ್ರಕಾರ ಯುರೋಪ್ ಮೂಲದವರಿಗೆ ಪೂರ್ತಿ ಹೊಂದೋ ದಾನಿ ಸಿಗೋ ಸಾಧ್ಯತೆ ಶೇ 75. ಕೆಲವು ಕಪ್ಪು ಸಮುದಾಯಗಳಿಗೆ ಬರೀ ಶೇ 16. ಜರ್ಮನಿಯಲ್ಲಿ ದಾನಿಗಳು ಎಷ್ಟೇ ಇದ್ದರೂ ಮುಳಬಾಗಿಲಿನ ಮಗುವಿಗೆ ಅವರು ಹೊಂದೋ ಸಾಧ್ಯತೆ ಬಹಳ ಕಡಿಮೆ. ನಮ್ಮಲ್ಲಂತೂ ತಲೆತಲಾಂತರದಿಂದ ಒಳಗೊಳಗೇ ಮದುವೆ ಆಗಿ, ಒಂದೊಂದು ಜಾತಿಯೂ ಒಂದು ದ್ವೀಪ. ಹಾಗಂತ ಜಾತಿ ಒಂದೇ ಆದ್ರೆ ಹೊಂದಿಬಿಡುತ್ತೆ ಅಂತಲ್ಲ. ಹುಡುಕೋದಕ್ಕೆ ಆ ದ್ವೀಪದವರೂ ಪಟ್ಟಿಯಲ್ಲಿ ಇರಬೇಕು, ಅಷ್ಟೇ. 1880ರಿಂದ ಚಿನ್ನದ ಗಣಿ ನಂಬಿ ಉತ್ತರ ಆರ್ಕಾಟಿನಿಂದ ಕೆಜಿಎಫ್‌ಗೆ ಬಂದವರ ಮೊಮ್ಮಕ್ಕಳಿಗೆ ದಾನಿ ವೆಲ್ಲೂರಿನಲ್ಲೋ ಚಿತ್ತೂರಿನಲ್ಲೋ ಇರಬಹುದು. ಎಚ್‌ಎಲ್‌ಎಗೆ ರಾಜ್ಯದ ಗಡಿ ಗೊತ್ತಿಲ್ಲ.

ಈಗ ನಮ್ಮ ಕಡೆ ಮಾತ್ರ ಹೇಳಬಹುದಾದ ಒಂದು ಲೆಕ್ಕ. ಒಡಹುಟ್ಟಿದವರು ಪೂರ್ತಿ ಹೊಂದೋ ಸಾಧ್ಯತೆ ನಾಲ್ಕರಲ್ಲಿ ಒಂದು. ಅಪ್ಪ, ಅಮ್ಮ ಸಾಮಾನ್ಯವಾಗಿ ಅರ್ಧ ಮಾತ್ರ ಹೊಂದ್ತಾರೆ, ಯಾಕಂದ್ರೆ ಮಗು ಅವರಿಂದ ಅರ್ಧರ್ಧ ತಗೊಂಡಿರುತ್ತೆ. ಆದ್ರೆ ಅಕ್ಕನ ಮಗಳನ್ನೇ ಮದುವೆ ಆಗಿದ್ದರೆ? ಅವಳು ತಾಯಿಯಿಂದ ಪಡೆದ ಅರ್ಧ ಭಾಗ ಸೋದರಮಾವನಲ್ಲೂ ಇರೋ ಸಾಧ್ಯತೆ ಎರಡರಲ್ಲಿ ಒಂದು. ಇದ್ದರೆ, ಅವರ ಮಗು ಅಪ್ಪನಿಗೋ ಅಮ್ಮನಿಗೋ ಪೂರ್ತಿ ಹೊಂದೋ ಸಾಧ್ಯತೆ ಮತ್ತೆ ಎರಡರಲ್ಲಿ ಒಂದು. ಒಟ್ಟು ನಾಲ್ಕರಲ್ಲಿ ಒಂದು, ಒಡಹುಟ್ಟಿದವರಷ್ಟೇ! ಹಾಗಾಗಿ ಸಂಬಂಧದಲ್ಲಿ ಮದುವೆ ಆದ ಮನೆಗಳಲ್ಲಿ ಅಪ್ಪ, ಅಮ್ಮ, ಮಾವ, ಅತ್ತೆ ಮಕ್ಕಳನ್ನೂ ಪರೀಕ್ಷೆ ಮಾಡಿಸಿ ಅಂತ ಡಾಕ್ಟರನ್ನ ಕೇಳಿ, ಸಂಬಂಧದ ವಿಷಯ ಮುಚ್ಚಿಡಬೇಡಿ. ಥಲಸೀಮಿಯಾದಂಥ ಕಾಯಿಲೆ ಮಗುವಿಗೆ ಬರೋ ಅಪಾಯವನ್ನ ಹೆಚ್ಚಿಸೋದೂ ಇಂಥ ಮದುವೆಯೇ; ಆದ್ರೆ ಮಗು ಆಸ್ಪತ್ರೆಯಲ್ಲಿರುವಾಗ ಅದನ್ನ ಆಡಿ ತೋರಿಸೋದು ಬೇಡ.

ಮನೆಯೊಳಗೆ ಸಿಗದಿದ್ದರೆ ಪಟ್ಟಿಯೇ ಗತಿ. ಬೆಂಗಳೂರಿನಲ್ಲಿ ಡಿಕೆಎಂಎಸ್, ಚೆನ್ನೈನಲ್ಲಿ ದಾತ್ರಿ ಇದನ್ನ ನಡೆಸ್ತವೆ. 18 ತುಂಬಿದ ಆರೋಗ್ಯವಂತರು ಕೆನ್ನೆಯ ಒಳಗೆ ಹತ್ತಿಕಡ್ಡಿ ಉಜ್ಜಿ ಕೊಟ್ಟರೆ ಸಾಕು. ಹೊಂದಿದರೆ, ಕೆಲವು ದಿನ ಇಂಜೆಕ್ಷನ್, ಆಮೇಲೆ ಕೆಲವು ಗಂಟೆ ತೋಳಿನಿಂದ ರಕ್ತ ತೆಗೆದು, ಆಕರಕೋಶ ಸೋಸಿಕೊಂಡು ಉಳಿದದ್ದನ್ನ ವಾಪಸ್ ಬಿಡ್ತಾರೆ. ಹೆಚ್ಚಿನವರಿಗೆ ಮೂಳೆ ಕೊರೆಯೋ ಮಾತೇ ಇಲ್ಲ.

ಮನೆಯವರು ಬೇಡ ಅನ್ನಬಹುದು ಅಂತ ಅನುಮಾನ ಇದ್ದರೆ ಹೆಸರು ಕೊಡೋ ಮೊದಲೇ ಅವರ ಹತ್ರ ಮಾತಾಡಿ. ಯಾಕಂದ್ರೆ ಕಸಿಗೆ ಮುಂಚೆ ರೋಗಿಯ ಸ್ವಂತ ಮಜ್ಜೆಯನ್ನ ಔಷಧಿ ಕೊಟ್ಟು ನಾಶ ಮಾಡಿರ್ತಾರೆ. ಆ ಹೊತ್ತಿಗೆ ದಾನಿ ಹಿಂದೆ ಸರಿದ್ರೆ ಆ ಮಗುವಿನ ಮೈಯಲ್ಲಿ ರಕ್ತ ಹುಟ್ಟಿಸೋದಕ್ಕೆ ಏನೂ ಉಳಿದಿರೋದಿಲ್ಲ.